ಕೊರೆಯದ ತೂತು

ಬ್ರೊನಿಸ್ಲಾವಾ ಗವ್ಲಿಕ್ ಎಂಬ ಹೆಸರಿನಲ್ಲೇ ಆಯುಧವಿತ್ತು:
ಅವಳ ತಾಯ್ನುಡಿಯಲ್ಲಿ ಬ್ರೋನ್ ಎಂದರೆ ಶಸ್ತ್ರ.
ನನ್ನ ನುಡಿಯಲ್ಲಿ ಪಡೆ ಎಂದರೆ ದಂಡು,
ಪಡೆ ಎಂದರೆ ಕೈಯೊಡ್ಡಿ ತೆಗೆದುಕೋ.
ರಿಸೀವರ್ ಎಂಬುದಕ್ಕೆ ಕನ್ನಡ ಹುಡುಕುತ್ತ ಕೂತವನಿಗೆ
ಎರಡೂ ಒಟ್ಟಿಗೇ ಸಿಕ್ಕಿ, ಎರಡನ್ನೂ ಕೆಳಗಿಟ್ಟೆ.

ರಿಸೀವರ್ ಅಂದರೆ ಇಷ್ಟೆ:
ನಳಿಗೆ, ಕುದುರೆ, ಬೋಲ್ಟು, ಮರದ ಹಿಡಿ
ಎಲ್ಲ ಬಂದು ಸೇರುವ ನಡುಮನೆ.
ಮಿಕ್ಕದ್ದೆಲ್ಲ ಬಿಡಿ ಭಾಗ; ಕಾನೂನಿನ ಕಣ್ಣಿಗೆ
ಇದೊಂದೇ ಬಂದೂಕು. ನಂಬರು ಬೀಳುವುದು ಇದರ ಮೈಗೆ.

ಚಿಕೊಪೀ ಊರು, ನಲವತ್ತಮೂರನೆಯ ಇಸವಿ.
ಇಪ್ಪತ್ತರ ಹುಡುಗಿ ತಲೆಗೆ ಕೆಂಪು ವಸ್ತ್ರ ಕಟ್ಟಿ
ಎಣ್ಣೆ ಜಿನುಗುವ ಉಕ್ಕನ್ನು ಎಡಗೈಯಲ್ಲಿ ಹಿಡಿದು
ಬಲಗೈಯ ಗೇಜು ತೂರಿಸಿ ನೋಡುತ್ತಾಳೆ.
ಗೇಜಿಗೆ ಎರಡು ತುದಿ:
ಒಂದರ ಮೇಲೆ ಹೋಗು, ಇನ್ನೊಂದರ ಮೇಲೆ ಹೋಗದಿರು.
ಹೋಗಬೇಕಾದ್ದು ಹೋಗಿ, ಹೋಗಬಾರದ್ದು ನಿಂತರೆ
ತನ್ನ ಪುಟ್ಟ ಮುದ್ರೆ ಒತ್ತುತ್ತಾಳೆ, ವೃತ್ತದೊಳಗೊಂದು ಜಿ.

ತಮ್ಮ ಕಾಜಿಕ್ ಹೋದ.
ಅವನಿಗೆ ಯಾರೂ ಗೇಜು ಹಿಡಿದಿರಲಿಲ್ಲ.

ಬಂದ ಕೂಡ. ಎರಡು ಬೆರಳು ಕಮ್ಮಿ.
ದಂಡು ಬೇಡವೆಂದು ಮಾರಿದ ಬಂದೂಕೊಂದನ್ನು
ಅಂಚೆಯಲ್ಲಿ ತರಿಸಿ, ಅಡುಗೆಮನೆಯ ಮೇಜಿನ ಮೇಲೆ
ಮೂತಿಯ ತನಕ ಚಾಚಿದ್ದ ಮರವನ್ನು ಅರ್ಧಕ್ಕೆ ಕೊಯ್ದ,
ಬಯೊನೆಟ್ಟಿನ ಕೊಕ್ಕೆ ಕಿತ್ತ,
ಸರಕಾರದ ಅಕ್ಷರಗಳನ್ನು ಅರದಿಂದ ಉಜ್ಜುತ್ತ
ಮೂರು ಸಂಜೆ ಕಳೆದ.
ಆಗ ಅಷ್ಟೇ ವ್ಯತ್ಯಾಸ: ಮರ, ಕೊಕ್ಕೆ, ಅಕ್ಷರ.
ಉಕ್ಕು ಅದೇ. ಜರ್ಮನರ ಬದಲು ವರ್ಮಾಂಟಿನ ಜಿಂಕೆ.
ಬ್ರೋನಿಯಾ ಕನ್ನಡಕ ಏರಿಸಿ ತನ್ನ ಜಿ ಹುಡುಕಿದಳು.
ಇರಲಿಲ್ಲ. ಬೇರೆ ಯಾವಳದೋ ಕೆ.

ಆಮೇಲೆ ಉಕ್ಕು ಹೋಗಿ ಅಲ್ಯೂಮಿನಿಯಂ ಬಂತು.
ಕೈಗೆ ಹಗುರ, ಬಣ್ಣ ಮಸಿ; ಮೊದಲ ವಾರ
ಇದೇನು ಆಟಿಕೆಯೇ ಎಂದು ನಕ್ಕರಂತೆ ಹೆಂಗಸರೆಲ್ಲ.
ಟ್ರೇಗಳು ಎರಡಾದವು. ಹಸಿರು ಚೀಟಿ ದಂಡಿಗೆ,
ಹಳದಿ ಚೀಟಿ ಅಂಗಡಿಗೆ.
ಅಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳು;
ಹೆತ್ತವಳಿಗೆ ಮಾತ್ರ ಕಾಣುವ ಮಚ್ಚೆ:
ಹಸಿರಿಗೆ ಒಂದು ತೂತು ಹೆಚ್ಚು.
ಹಳದಿಯಲ್ಲಿ ಆ ಜಾಗ ಇಡಿಯ ಲೋಹ,
ಒಳಗೂ ಕಡೆಯದೆ ಉಳಿಸಿದ ದಪ್ಪ,
ಬಾಗಿಲಿಡದೆ ಕಟ್ಟಿದ ಗೋಡೆ.
ಅದೇ ಗೇಜು. ಇಲ್ಲಿ ಹೋಗಲೇಬೇಕು, ಅಲ್ಲಿ ಹೋಗಲೇಕೂಡದು.
ಇಪ್ಪತ್ತೊಂದು ವರ್ಷ
ಇಲ್ಲದ್ದನ್ನು ಪರೀಕ್ಷಿಸಿ ಸಂಬಳ ತಂದಳು.

ಒಂದೇ ಒಂದು ಸಲ, ಹಳದಿ ಟ್ರೇಯಲ್ಲಿ,
ಗೇಜು ಸಲೀಸಾಗಿ ಒಳಗೆ ಹೋಯಿತು.
ಕೂಗಲಿಲ್ಲ. ಗುಜರಿಯವನ ಬಳಿಗೆ ತಾನೇ ಒಯ್ದು
ಸುತ್ತಿಗೆಯ ಕೆಳಗೆ ಅದು ಎರಡು ತುಂಡಾಗುವ ತನಕ
ಕದಲದೆ ನಿಂತಿದ್ದಳು.

ವಕೀಲರು ಬಂದು ಗೋಡೆ ದಪ್ಪ ಮಾಡಿಸಿದರು,
ಪಿನ್ನಿನ ಅಳತೆ ಬದಲಿಸಿದರು,
ಅವಳಿಗಳು ಅಂಗಿ ಅದಲುಬದಲು ಮಾಡಿಕೊಳ್ಳದ ಹಾಗೆ.
ವಕೀಲರು ಹೋದ ಮೇಲೆ ಮಾರಾಟದವರು ಬಂದರು:
ಗಿರಾಕಿ ಕೇಳ್ತಾನೆ, ದಂಡಿನದರ ಹಾಗೇ ಇರಬೇಕಂತೆ.

ಈಗ ಅವಳಿಗೆ ತೊಂಬತ್ತಮೂರು.
ಮೊಮ್ಮಗ ಕೋರಿ ಹೊಸದೊಂದನ್ನು ತಂದು
ಮಡಿಲಿಗಿಟ್ಟ, ಬರಿಯ ರಿಸೀವರ್.
ಪಕ್ಕೆಯಲ್ಲಿ ಲೇಸರ್ ಕೆತ್ತಿದ ಮೂರು ಪದ:
ತಡೆ. ಒಂದೊಂದು. ಧಾರೆ.
ಮೂರನೆಯದರ ಮೇಲೆ ಅವಳ ಉಗುರು ನಿಂತಿತು.
“ಲಿವರ್ ಇಲ್ಲೀತನಕ ಬರುತ್ತಾ?”
“ಇಲ್ಲ ಬಾಬ್ಚಿ. ಸುಮ್ಮನೆ. ನೋಡೋಕೆ.”

ಕಾಜಿಕ್ ಮೂರು ಸಂಜೆ ಉಜ್ಜಿ ಅಳಿಸಿದ್ದನ್ನು
ಇವನು ಇಪ್ಪತ್ತು ಡಾಲರ್ ಹೆಚ್ಚು ಕೊಟ್ಟು ಕೆತ್ತಿಸಿಕೊಂಡಿದ್ದ.

ಕಿಟಕಿಯ ಬೆಳಕಿಗೆ ಅದನ್ನೆತ್ತಿ, ಒಂದು ಕಣ್ಣು ಮುಚ್ಚಿ,
ಹಳೆಯ ಜಾಗದಲ್ಲಿ ಹಣಿಕಿದಳು.
ಬೆಳಕು ಬರಲಿಲ್ಲ.
“ಹಳದಿ,” ಅಂದಳು.
ಕೋರಿ ಕಿಟಕಿಯಾಚೆ ನೋಡಿ
“ಹೂಂ, ಶಾಲೆಯ ಬಸ್ಸು,” ಅಂದ.