ನೈಟಿಯ ಮೇಲೊಂದು ಟವೆಲ್

ಹಿರುತ್ ಹಾಸನಕ್ಕೆ ಬಂದದ್ದು ಇಥಿಯೋಪಿಯಾದಿಂದ,
ಮಣ್ಣಿನ ವಿಷಯ ಓದೋಕೆ.
ಸಂಜೆ ನನ್ನ ಹೊಲಿಗೆಯಂಗಡಿ ಮೆಟ್ಟಿಲ ಮೇಲೆ ಕೂತು
ಓದೋದು ಮಾತ್ರ ಬೀದಿಯನ್ನ.

ಸ್ಕೂಟಿ ಹುಡುಗಿಯರು ಯಾಕೆ
ಕಣ್ಣೆರಡು ಬಿಟ್ಟು ಮುಖವೆಲ್ಲ ವೇಲು ಸುತ್ತುತ್ತಾರೆ?
ಧೂಳು ಕಣೇ, ಅಂದೆ.
ಗದ್ದೆಗೆ ಹೋಗೋರು ಸೀರೆ ಮೇಲೆ ಗಂಡನ ಶರ್ಟು?
ಬಿಸಿಲು, ಅಂದೆ.
ಅದಕ್ಕೆ ಜೇಬಿದೆ ಅನ್ನೋದನ್ನ ಹೇಳಲಿಲ್ಲ.

ಮತ್ತೆ ಹಾಲಿನ ಬೂತಿನ ಸಾಲಲ್ಲಿ
ನೈಟಿ ಮೇಲೆ ಟವೆಲ್ ಯಾಕೆ?
ಯಾರದೂ ಸ್ನಾನ ಆಗಿರೋದಿಲ್ಲವಲ್ಲ?

ಇಪ್ಪತ್ತು ವರ್ಷದಿಂದ ನೈಟಿ ಹೊಲಿಯುವವಳು ನಾನು,
ಟವೆಲ್ಲಿನ ಬಗ್ಗೆ ಯೋಚಿಸಿಯೇ ಇರಲಿಲ್ಲ.
ಮರ್ಯಾದೆ, ಅಂದೆ.
ಒತ್ತು ಎಲ್ಲಿ ಬರುತ್ತೆ ಕೇಳಿ ಬರಕೊಂಡಳು.

ಕಾರ್ತಿಕದಲ್ಲಿ ಒಂದು ನೈಟಿ ಹೊಲಿಸಿದಳು,
ಸಣ್ಣ ನೀಲಿ ಹೂವಿನದು,
ನಮ್ಮೋರಿಗಿಂತ ನಾಲ್ಕಿಂಚು ಉದ್ದ.
ಮಾರನೇ ಬೆಳಗ್ಗೆ ಸಾಲಗಾಮೆ ರಸ್ತೆ ಬೂತಲ್ಲಿ ನಿಂತಿದ್ದಾಳೆ,
ಹೆಗಲ ಮೇಲೆ ಅವಳಮ್ಮ ಕಳಿಸಿದ ಬಿಳಿ ಮೇಲುವಸ್ತ್ರ,
ಅಂಚಿಗೆ ಹಸಿರು ಕೆಂಪು ನೇಯ್ಗೆ.

ಒಬ್ಬರೂ ತಿರುಗಿ ನೋಡಲಿಲ್ಲ.
ಬೂತಿನ ಜವರಮ್ಮ ಮಾತ್ರ ಚಿಲ್ಲರೆ ಕೊಡೋದು ಮರೆತು
ಅಂಚನ್ನ ಬೆರಳಲ್ಲಿ ಉಜ್ಜಿ ನೋಡಿ
ನನ್ನ ಕಡೆ ತಿರುಗಿದಳು:
ಈ ಥರದ ಟವೆಲ್ಲು
ನಿನ್ನಂಗಡೀಲಿ ಯಾಕೆ ಇಡಲ್ಲ?