ಮಲಗುವುದಕ್ಕೆ ನಿಯಮ

ಸೊಲ್ಲಾಪುರ, ಅಶೋಕ ಚೌಕದ ಹಿಂದಿನ ಓಣಿಯಲ್ಲಿ
ನಮ್ಮ ಪ್ರೆಸ್ಸು. ಹಗಲೆಲ್ಲ ಲಗ್ನಪತ್ರಿಕೆ,
ಮರಾಠಿಯಲ್ಲಿ, ತೆಲುಗಿನಲ್ಲಿ, ಅಪರೂಪಕ್ಕೆ ಕನ್ನಡದಲ್ಲಿ.
ಅಚ್ಚಾದ ಮೇಲೆ ಮುರಿದ ಮದುವೆಗಳ ಕಾರ್ಡನ್ನು
ನಾನು ರದ್ದಿಗೆ ಹಾಕುವುದಿಲ್ಲ.
ಅವುಗಳ ಬೆನ್ನು ಬಿಳಿ. ಅಲ್ಲಿ ಒಂದು ರಾಜ್ಯ ಬರೆಯುತ್ತೇನೆ.

ಮಗ್ಗ ಮಾರಿದವರ ಮನೆಯಿಂದ ತೂಕದ ಮೇಲೆ ತಂದ
ಜಕಾರ್ಡ್ ಪಟ್ಟಿಗಳು, ತೂತು ತೂತಿನ ರಟ್ಟು,
ಒಂದು ಕಾಲಕ್ಕೆ ಚಾದರದ ಮೇಲೆ ನವಿಲು ನೇಯುತ್ತಿದ್ದವು.
ಈಗ ಅವೇ ನನ್ನ ಕೋಟೆಯ ನಕ್ಷೆ.
ತೂತಿದ್ದಲ್ಲಿ ಕೋಣೆ, ಇಲ್ಲದಲ್ಲಿ ಗೋಡೆ.
ಆ ನವಿಲು ಇನ್ನೂ ಒಳಗೆಲ್ಲೋ ನಡೆದಾಡುತ್ತಿದೆ,
ಆಡುವವರಿಗೆ ಹೇಳಿಲ್ಲ.

ಪುಣೆಯಿಂದ ತರಿಸಿದ ಇಪ್ಪತ್ತು ಮುಖದ ದಾಳ
ಮೊದಲ ವಾರವೇ ಗಟಾರಕ್ಕೆ ಉರುಳಿತು.
ಆಮೇಲೆ ಹುಣಸೆಬೀಜ: ಐದು, ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದು.
ಎಷ್ಟು ಬಿಳಿಯೋ ಅಷ್ಟು ನಿನ್ನ ನಸೀಬು.
ಐದೂ ಕಪ್ಪು ಬಿದ್ದರೆ ಏನಾಗಬೇಕು ಎನ್ನುವುದಕ್ಕೆ
ನನಗೆ ನಾಲ್ಕು ವರ್ಷ ಹಿಡಿಯಿತು.
ಸಾವು ಅಂತ ಬರೆದೆ, ಹೊಡೆದುಹಾಕಿದೆ.
ಸಾಲ ಅಂತ ಬರೆದೆ, ಅದು ಯಾರಿಗೂ ಆಟ ಅನ್ನಿಸಲಿಲ್ಲ.
ಕೊನೆಗೆ ಬರೆದದ್ದು:
'ಏನೋ ಒಂದು ನಿನಗಿಂತ ಮೊದಲೇ ಅಲ್ಲಿಗೆ ಬಂದಿದೆ.'

ಭಾನುವಾರ ಕಟಿಂಗ್ ಮಶೀನಿನ ಮೇಲೆ ಹಲಗೆ ಹಾಕಿ ಕೂಡುತ್ತೇವೆ.
ವಿಮಾ ಕಚೇರಿಯ ಗುರುಪಾದಪ್ಪ, ಯಾವಾಗಲೂ ಕಳ್ಳನೇ ಆಗುತ್ತಾನೆ.
ಪ್ರಾಜಕ್ತಾ, ನರ್ಸಿಂಗ್ ಎರಡನೇ ವರ್ಷ, ಇಲ್ಲಿ ಬರೀ ಕತ್ತಿ,
ಗಾಯಾಳುಗಳನ್ನು ಮುಟ್ಟಲೊಲ್ಲಳು.
ಶೇಂಗಾ ಚಟ್ನಿ ಪ್ಯಾಕ್ ಮಾಡುವ ಇಲಾಹಿ ಎಲ್ಲರ ಬಂಗಾರದ ಲೆಕ್ಕ ಇಡುತ್ತಾನೆ.
ಕಸ್ತೂರವ್ವನ ಮಗ ಓಂಕಾರ, ಹದಿನಾಲ್ಕು, ಬಾಯಿಬಿಟ್ಟರೆ ಮಂತ್ರ.
'ತಾಈ' ಅನ್ನುತ್ತಾರೆ ನನಗೆ. ಮರಾಠಿಯಲ್ಲಿ ಅಕ್ಕ;
ಕನ್ನಡದ ಕಿವಿಗೆ ಬೇರೆಯೇ ಬೀಳುತ್ತದೆ. ತಿದ್ದುವುದಿಲ್ಲ.

ಹದಿನೇಳು ಕೋಣೆ, ಮೂರು ಶಾಪ, ಒಬ್ಬ ಕುರುಡಿ ರಾಣಿ,
ಚಳಿಗಾಲವಿಡೀ ಕೂತು ಕಟ್ಟಿದ ಕೋಟೆ.
ಅವರು ಅಗಸಿ ಹೊರಗೆ ಚಹಾದಂಗಡಿ ಇಟ್ಟರು.
ಆರು ಭಾನುವಾರ! ಹಾಲಿನ ಬಾಕಿ, ಕಾವಲುಗಾರನ ಉದ್ರಿ,
ಒದ್ದೆ ಸೌದೆಯ ಜಗಳ.
ರಾಣಿ ಕಾದು ಕಾದು ಕೊನೆಗೆ ತಾನೇ
ಕೋಲೂರಿಕೊಂಡು ಬಂದು ಅರ್ಧ ಕಪ್ಪು ಕೇಳಿದಳು.
ಸಕ್ಕರಿ ಕಮ್ಮಿ, ಅಂದಳು. ಅದು ನಾನು ಬರೆದದ್ದಲ್ಲ.

ನನ್ನ ಕಸುಬೆಲ್ಲ ಒಂದು ಮಾತು:
ಎದುರಿಗಿರುವುದನ್ನು ಹೇಳಿ, ಸುಮ್ಮನಾಗಿ, ಕೇಳುವುದು.
ಈಗ ನೀ ಏನ್ ಮಾಡ್ತಿ?

ಒಂದು ಸಂಜೆ ಮಗನನ್ನು ಕರೆಯಲು ಕಸ್ತೂರವ್ವ ಬಂದಳು.
ಸಾವಿರ ಬೀಡಿ ಕಟ್ಟಿ ಕೊಟ್ಟು ಬಂದ ಕೈ, ಉಗುರಲ್ಲಿ ತಂಬಾಕು.
ಕೂಡು ಅಂದೆವು. ಕಾರ್ಡು ಕೊಟ್ಟೆವು. ಹೆಸರು ಬ್ಯಾಡ ಅಂದಳು.
ನಮ್ಮ ರಾಜ್ಯದಲ್ಲಿ ಆಗ ಬಿರುಗಾಳಿ ಎದ್ದಿತ್ತು.
ಗುಡ್ಡದ ಮೇಲೊಂದು ಖಾಲಿ ಮನೆ, ಬಾಗಿಲು ತೆರೆದಿದೆ,
ಹಿಂದಿನಿಂದ ಯಾರೋ ಕುದುರೆ ಮೇಲೆ ಬರುತ್ತಿದ್ದಾರೆ.
ಕಸ್ತೂರವ್ವಾ, ಈಗ ನೀ ಏನ್ ಮಾಡ್ತಿ?

ಅವಳು ಮಗನ ಮುಖ ನೋಡಿದಳು, ಇಲಾಹಿಯ ಮುಖ ನೋಡಿದಳು.
ಪ್ರಶ್ನೆ ತನಗೇ ಎಂದು ತಿಳಿಯಲು ಹೊತ್ತು ಬೇಕಾಯಿತು.
'ನಾನಾ?
ಒಳಗ ಹೋಗಿ ಚಿಲಕಾ ಹಾಕ್ಕೊಂಡು ಮಲ್ಕೋತೀನಿ.'

ಓಂಕಾರ ನಕ್ಕ. ಗುರುಪಾದಪ್ಪ ಬೀಜ ಚಾಚಿದ:
ಒಗಿ, ನಿದ್ದಿ ಹತ್ತತದೋ ಇಲ್ಲೋ ನೋಡೋಣು.
ನಾನು ಪುಟ ತಿರುವಿದೆ.
ಹೊಡೆದಾಟಕ್ಕೆ ಒಂಬತ್ತು ಪುಟ, ವಿಷಕ್ಕೆ ಎರಡು,
ಚಹಾಕ್ಕೂ ಈಗ ಅರ್ಧ ಪುಟವಿತ್ತು.
ಮಲಗುವುದಕ್ಕೆ ಒಂದು ಸಾಲೂ ಇಲ್ಲ.

ಬೀಜ ಬ್ಯಾಡ, ಅಂದೆ. ಮಲಗಿದಳು.
ಉಳಿದವರು ಯಾರೂ ಹೇಳದೆ ಹೊಸ್ತಿಲಿಗೆ ಹೋದರು,
ಕಳ್ಳ ಎಲ್ಲರಿಗಿಂತ ಮೊದಲು.
ಕುದುರೆಯವನು ಯಾರೆಂದು ನನಗೂ ಇನ್ನೂ ಗೊತ್ತಿರಲಿಲ್ಲ,
ಹೊರಗೇ ನಿಲ್ಲಿಸಿದೆ.
ಕಸ್ತೂರವ್ವ ಹಲಗೆಗೆ ಮೊಣಕೈಯೂರಿ ಕೂತೇ ಇದ್ದಳು,
ಕಣ್ಣು ಬಿಟ್ಟುಕೊಂಡು,
ತನ್ನ ನಿದ್ದೆಯನ್ನು ನಾಲ್ಕು ಜನ ಕಾಯುವುದನ್ನು ನೋಡುತ್ತ.

ಮುಂದಿನ ವಾರ ಓಂಕಾರ ಒಬ್ಬನೇ ಬಂದ.
'ಅವ್ವಗ ಮಾಲು ಕೊಡೂದದ, ಬರೂದಿಲ್ಲ.
ಆದ್ರ ಕೇಳ್ಯಾಳ, ತಾನು ಎದ್ದಳೋ ಇಲ್ಲೋ ಅಂತ.'

ಮುರಿದ ಇನ್ನೊಂದು ಮದುವೆಯ ಬೆನ್ನಿಗೆ
'ಮಲಗುವುದು' ಎಂದು ಬರೆದು ಗೆರೆ ಎಳೆದಿದ್ದೇನೆ.
ಕೆಳಗೆ ಖಾಲಿ. ಗೋಡೆಯಾಚೆ ಪಾಳಿ ಬದಲಾಗಿ
ಮಗ್ಗ ಮತ್ತೆ ಶುರುವಾಗಿದೆ.
ಇಲ್ಲಂತ ಹೇಳು, ಅಂದೆ. ಅಲ್ಲಿ ಇನ್ನೂ ಗಾಳಿ ಬಿಟ್ಟಿಲ್ಲ.
ಹೊಸ್ತಿಲ ಮ್ಯಾಲ ಚಹಾ ಕಾಸಬಹುದೇನು ತಾಈ,
ಕಳ್ಳ ಕೇಳುತ್ತಿದ್ದಾನೆ.