ಸವಕಳಿ

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ
ಚೌಕುಳಿ ಹಾಳೆ ಹರವಿ ಕೂತೆ.
ಮೂವತ್ತು ವರ್ಷ ಓಸ್ಟ್ರಾವಾದ ಅಂಗಡಿಯವರ
ಜಮಾಖರ್ಚು ಬರೆದವಳು,
ನಮ್ಮ ಹಸಿರು ಸ್ಕೋಡಾದ ಲೆಕ್ಕ
ಒಮ್ಮೆಯೂ ಬರೆದಿರಲಿಲ್ಲ.

ವಿಮೆಗೆ ಒಂಬತ್ತು ಸಾವಿರ ಕೊರುನಾ.
ಚಳಿಗೆ ನಾಲ್ಕು ಟೈರು, ಬೇಸಿಗೆಗೆ ಬೇರೆ ನಾಲ್ಕು,
ಋತು ಬದಲಾದಾಗಲೆಲ್ಲ ಹೊಸ ಮೆಟ್ಟು ಕೇಳುವ
ಮನೆಯಳಿಯ ಇವನು.
ದಿನಕ್ಕೆ ಇಪ್ಪತ್ತಮೂರು ಗಂಟೆ ಬೀದಿಬದಿಯಲ್ಲಿ ನಿದ್ದೆ,
ಆ ನಿದ್ದೆಗೂ ನಗರಸಭೆಗೆ ಬಾಡಿಗೆ.
ಬ್ರೇಕು, ವೈಪರು, ಪೆಟ್ರೋಲು, ತಪಾಸಣೆಯ ಮುದ್ರೆ,
ಕೊನೆಗೆ ಯಾರೂ ಬಿಲ್ಲು ಕಳಿಸದ ಖರ್ಚು, ಸವಕಳಿ:
ನಿಂತಲ್ಲೇ ನಿಂತು, ಸದ್ದಿಲ್ಲದೆ,
ರಾತ್ರಿಗಿಷ್ಟು ಕಡಿಮೆಯಾಗುವುದು.
(ನಾವೂ ಹಾಗೆಯೇ. ಆದರೆ ಅದಕ್ಕೆ ಕಾಲಮ್ಮಿಲ್ಲ.)

ಒಳಕೋಣೆಯಲ್ಲಿ ಬೊಹುಮಿಲ್
ಡಬಲ್ ಬಾಸಿನ ದಪ್ಪ ತಂತಿಯ ಮೇಲೆ ಕಮಾನು ಎಳೆಯುತ್ತಿದ್ದ.
ಆ ಸ್ವರಕ್ಕೆ ತಟ್ಟೆಯಲ್ಲಿದ್ದ ಚಮಚ
ಸಣ್ಣಗೆ ನಡುಗುತ್ತಿತ್ತು.

ವರ್ಷಕ್ಕೆ ಎಪ್ಪತ್ತನಾಲ್ಕು ಸಾವಿರ.
ಹೊರಟದ್ದು ಅರವತ್ತೊಂದು ಸಲ.
ಭಾಗಿಸಿದೆ, ಶೇಷ ಬಿಟ್ಟೆ, ಕೂಗಿ ಹೇಳಿದೆ:
"ಕೀಲಿ ತಿರುಗಿಸಿದರೆ ಸಾಕು
ಸಾವಿರದ ಇನ್ನೂರ ಹದಿಮೂರು!
ಇಂಥ ನಾಲ್ಕು ಸವಾರಿ ಬಿಟ್ಟರೆ
ವರ್ಷವಿಡೀ ಟ್ರಾಮು ನಮ್ಮದು."

ಕಮಾನು ನಿಂತಿತು.
"ಇದನ್ನು ಯಾರು ಹೊರುತ್ತಾರೆ?"
ಬಾಸಿನ ಹೆಗಲು ತಟ್ಟಿದ, ಕುದುರೆಗೆ ತಟ್ಟಿದ ಹಾಗೆ.
ನಿಜ. ಟ್ಯಾಕ್ಸಿಯವರು ಆ ಪೆಟ್ಟಿಗೆ ಕಂಡರೆ
ಹೆಣ ಕಂಡವರಂತೆ ಗೇರು ಬದಲಿಸುತ್ತಾರೆ.
"ರಂಗಮಂದಿರದಲ್ಲೇ ಇರಲಿ," ಎಂದೆ,
"ಅಲ್ಲಿ ಬೀರುವಿದೆ, ಬೀಗವಿದೆ, ಬಾಡಿಗೆಯಿಲ್ಲ."
ಬಾಡಿಗೆಯಿಲ್ಲ ಎಂಬುದರ ಕೆಳಗೆ
ಎರಡು ಗೆರೆ ಎಳೆದೆ.

ಅಕ್ಟೋಬರಿನಲ್ಲಿ ಓಪಾವಾದ ಜೇನು ಸಾಕುವ ಹುಡುಗ
ದುಡ್ಡೆಣಿಸಿ ಗಾಡಿ ಒಯ್ದ.
ಪಶ್ಚಾತ್ತಾಪವೇ? ಛೆ.
ಬ್ಯಾಂಕಿನ ಪುಸ್ತಕ ಮೈದುಂಬಿತು.
ಎರಡು ಹಲ್ಲು ಕಟ್ಟಿಸಿಕೊಂಡೆ,
ಈಗ ನಾನು ಅಗಿಯುವುದೇ ಸ್ಕೋಡಾದಿಂದ.
ಟ್ರಾಮಿನ ಕಿಟಕಿಯಲ್ಲಿ ಊರು ನಿಧಾನವಾಗಿ ಕಂಡಿತು,
ಹಳೆಯ ಗಣಿಯ ಗೋಪುರ, ಯಾರದೋ ಬಾಲ್ಕನಿಯ ಕೆಂಪು ಹೊದಿಕೆ.
ನಿಲ್ಲಿಸಲು ಜಾಗ ಹುಡುಕುತ್ತ
ಜಗಳವಾಡುವುದು ತಪ್ಪಿತು.

ಜನವರಿಯಲ್ಲಿ ಮೆಟ್ಟಿಲ ಮೇಲೆ
ಕೆಳಮನೆಯ ಕುಬೀಚ್ಕೋವಾ ತಡೆದು ಕೇಳಿದಳು:
"ನಿಮ್ಮವರಿಗೆ ಹುಷಾರಿಲ್ಲವೇ?
ಸಂಜೆ ಆರಕ್ಕೆ ನನ್ನ ಛಾವಣಿ ಗುನುಗುತ್ತಿತ್ತು.
ಅದು ಕೇಳಿದ ಮೇಲೆ ನಾನು
ಬಿಪಿ ಮಾತ್ರೆ ನುಂಗುತ್ತಿದ್ದುದು.
ಈಗ ಮರೆತುಹೋಗುತ್ತದೆ."

ಮೇಲೆ ಬಂದೆ. ಗಡಿಯಾರದಲ್ಲಿ ಆರೂ ಐದು.
ಬೊಹುಮಿಲ್ ಸೋಫಾದಲ್ಲಿ ಪತ್ರಿಕೆ ಮಡಚುತ್ತಿದ್ದ,
ಬೆರಳು ಮಂಡಿಯ ಮೇಲೆ ಏನನ್ನೋ ಒತ್ತುತ್ತಿತ್ತು.
ಚಮಚ ಸುಮ್ಮನೆ ಬಿದ್ದಿತ್ತು, ಚಮಚದ ಹಾಗೆ.

ಹಾಳೆ ತೆಗೆದೆ. ಮೂರು ಸಲ ತಾಳೆ ನೋಡಿದೆ,
ಕೂಡಿದ್ದು ಸರಿ, ಕಳೆದದ್ದೂ ಸರಿ.
ಬಲಗಡೆ ಹೊಸದೊಂದು ಕಾಲಮ್ಮು ಗೀಚಿ
ಏನೆಂದು ಹೆಸರಿಡಲಿ ಎಂದು
ಪೆನ್ಸಿಲ್ಲಿನ ತುದಿ ಕಡಿದೆ.
ಹೊಸ ಹಲ್ಲಿನ ಗುರುತು ಬಿತ್ತು.

ಮತ್ತೆ ಕಾರು ಕೊಳ್ಳುವಷ್ಟು ಹುಚ್ಚು ನನಗಿಲ್ಲ.
ಮಕ್ಕಳ ಗಾಡಿಯ ಹಳೆಯ ಚಕ್ರವೊಂದು
ಮುನ್ನೂರ ಎಂಬತ್ತಕ್ಕೆ ಸಿಕ್ಕಿತು;
ಬಾಸಿನ ಬುಡಕ್ಕೆ ಅವನೇ ತಿರುಪು ಹಾಕಿದ.
ಶನಿವಾರ ಆಟ ಮುಗಿದ ಮೇಲೆ
ಹಿಮ ಬೀಳುವ ಸೇತುವೆಯ ಮೇಲೆ ನಾವಿಬ್ಬರು,
ಅವನು ಅದರ ಕತ್ತು ಹಿಡಿದು, ನಾನು ಸೊಂಟ ಹಿಡಿದು,
ಕುಡಿದ ನೆಂಟನನ್ನು ಮನೆಗೆ ಒಯ್ಯುವವರ ಹಾಗೆ.
ಕೈಗವಸು ಒದ್ದೆ. ಎದುರಾದ ಪೊಲೀಸನವ ದಾರಿ ಬಿಟ್ಟ.
ಚಕ್ರ ಕಿರ್ರೆನ್ನುತ್ತದೆ.
ವಿಮೆ ಬೇಡ, ಚಳಿಗೆ ಬೇರೆ ಟೈರು ಬೇಡ.
ಅದೂ ಸವೆಯುತ್ತದೆ,
ಬರೆದುಕೊಂಡಿದ್ದೇನೆ.